ಹೆಡ್‌ಫೋನ್ ಜ್ಯಾಕ್ ಇಲ್ಲದ ಟಿವಿಗೆ ಸಾವಿರ ರೂಪಾಯಿಯೊಳಗಿನ ಆಪ್ಟಿಕಲ್ ಕನ್ವರ್ಟರ್: ಕೊಳ್ಳಬಹುದೇ?

ಟಿವಿಯ ಆಪ್ಟಿಕಲ್ ಕಿಂಡಿಯಿಂದ ಬೆಳಕಾಗಿ ಹೊರಬರುವ ಡಿಜಿಟಲ್ ಸದ್ದನ್ನು ಹೆಡ್‌ಫೋನ್‌ಗೆ ಹೊಂದುವಂತೆ ಬದಲಿಸುವ ಪುಟ್ಟ ಡಬ್ಬಿ ಇದು. ಮೊದಲು ಟಿವಿಯ ಹಿಂಭಾಗ ನೋಡಿ. 3.5 ಮಿ.ಮೀ. ಹೆಡ್‌ಫೋನ್ ಜ್ಯಾಕ್ ಇದ್ದರೆ ಈ ಕನ್ವರ್ಟರ್ ಬೇಕಿಲ್ಲ, 5 ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಸಾಕು. ಪ್ಲೇಸ್ಟೇಷನ್ (ಪಿಎಸ್4, ಪಿಎಸ್5) ಆಡುವವರೂ ದುಡ್ಡು ಹಾಕಬೇಡಿ. ಕಂಟ್ರೋಲರ್‌ನಲ್ಲೇ ಜ್ಯಾಕ್ ಇದೆ. ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಆಡಿಯೋ ಡಿವೈಸಸ್‌ಗೆ ಹೋಗಿ ‘ಔಟ್‌ಪುಟ್ ಟು ಹೆಡ್‌ಫೋನ್ಸ್’ ಅನ್ನು ‘ಆಲ್ ಆಡಿಯೋ’ಗೆ ಬದಲಿಸಬೇಕು. ಇಲ್ಲದಿದ್ದರೆ ಚಾಟ್ ಮಾತ್ರ ಕೇಳಿಸುತ್ತದೆ, ಆಟದ ಸದ್ದು ಬರುವುದಿಲ್ಲ.

ಆಪ್ಟಿಕಲ್ ಮತ್ತು ಎಚ್‌ಡಿಎಂಐ ಮಾತ್ರ ಇರುವ ಟಿವಿಗೆ ಈ ಪುಟ್ಟ ಡಬ್ಬಿ ನಿಜಕ್ಕೂ ಉಪಕಾರಿ. ಹೆಸರಾಂತ ಕಂಪನಿಯದೇ ಆಗಬೇಕಿಲ್ಲ, ಆದರೆ ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗಳ ಜತೆಗೆ 3.5 ಮಿ.ಮೀ. ಜ್ಯಾಕ್ ಇರುವುದನ್ನೇ ಆರಿಸಿ. ಆರ್‌ಸಿಎ ಇರುವುದು ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡಲು. 32 ಓಮ್‌ನ ಹೆಡ್‌ಫೋನ್ ಎಳೆಯುವಷ್ಟು ಕರೆಂಟ್ ಅದರಿಂದ ಬರುವುದಿಲ್ಲ. ಕೇಬಲ್ ಬದಲಿಸಿ ಅದಕ್ಕೇ ಹೆಡ್‌ಫೋನ್ ಸಿಕ್ಕಿಸಿದರೆ ಸದ್ದು ಕ್ಷೀಣ, ಬೇಸ್ ಅಂತೂ ಮಾಯ.

ಜೋಡಣೆ ಸುಲಭ. ಆಪ್ಟಿಕಲ್ ಕೇಬಲ್‌ನ ಎರಡೂ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆಯಿರಿ (ಇದನ್ನು ಮರೆತು ಡಬ್ಬಿ ಕೆಟ್ಟಿದೆ ಎಂದು ವಾಪಸ್ ಕಳಿಸುವವರಿದ್ದಾರೆ). ಪ್ಲಗ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಒತ್ತಾಯ ಮಾಡಬೇಡಿ. ಟಿವಿ ಆನ್ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಅಲ್ಲಿಯವರೆಗೆ ಎಲ್ಲ ಸರಿ. ಡಬ್ಬಿಗೆ 5 ವೋಲ್ಟ್ ಬೇಕು, ಟಿವಿಯ ಯುಎಸ್‌ಬಿಯಿಂದಲೇ ಸಿಗುತ್ತದೆ. ಹಿನ್ನೆಲೆಯಲ್ಲಿ ಗುಯ್ ಎನ್ನುವ ಸದ್ದು ಬಂದರೆ ಮೊಬೈಲ್ ಚಾರ್ಜರ್‌ಗೆ ಹಾಕಿ ನೋಡಿ.

ಹೆಚ್ಚಿನವರು ಸೋಲುವುದು ಮುಂದಿನ ಹೆಜ್ಜೆಯಲ್ಲಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ (ಸಂಕುಚಿತಗೊಳಿಸದ ಸಾದಾ ಡಿಜಿಟಲ್ ಸದ್ದು) ಆಗಿರಬೇಕು. ‘ಆಟೋ’ ಅಥವಾ ಡಾಲ್ಬಿಯಲ್ಲಿ ಬಿಟ್ಟರೆ ಸಾಮಾನ್ಯ ಚಾನೆಲ್ ಕೇಳಿಸಿ, ಓಟಿಟಿ ಸಿನಿಮಾ ಹಾಕಿದೊಡನೆ ಮೌನ, ಇಲ್ಲವೇ ಕರಕರ. ಅಗ್ಗದ ಡಬ್ಬಿಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ.

ದೊಡ್ಡ ಕೊರತೆ ವಾಲ್ಯೂಮ್‌ನದು. ಬಹುತೇಕ ಟಿವಿಗಳಲ್ಲಿ ಆಪ್ಟಿಕಲ್ ಸದ್ದು ಒಂದೇ ಮಟ್ಟದಲ್ಲಿ ಹೊರಬರುವುದರಿಂದ ರಿಮೋಟ್ ಒತ್ತಿ ಫಲವಿಲ್ಲ. ಮೊದಲ ಸಲವೇ ಕಿವಿಗೆ ಹಾಕಿಕೊಳ್ಳದೆ ದೂರ ಹಿಡಿದು ಕೇಳಿ. ವೈರ್‌ನಲ್ಲೇ ತಿರುಪು ಇರುವ ವಾಲ್ಯೂಮ್ ಕಂಟ್ರೋಲ್ ಕೇಬಲ್ ಕೊಂಡರೆ ಕೂತಲ್ಲೇ ಹೆಚ್ಚು-ಕಡಿಮೆ ಮಾಡಿಕೊಳ್ಳಬಹುದು. ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಹಾಡಿನಲ್ಲಿ ವಾದ್ಯಗಳು ಕೇಳಿಸಿ ಗಾಯಕರ ದನಿಯೇ ಇಲ್ಲವೆಂದರೆ ಹೆಡ್‌ಫೋನ್ ಪ್ಲಗ್ ಪೂರ್ತಿ ಕೂತಿಲ್ಲ. ಗ್ರೌಂಡ್ ಸಂಪರ್ಕ ತಪ್ಪಿದಾಗ ಎಡ-ಬಲ ಎರಡರಲ್ಲೂ ಸಮನಾಗಿರುವ ದನಿ ಅಳಿಸಿಹೋಗುತ್ತದೆ. ಗಟ್ಟಿಯಾಗಿ ಒತ್ತಿದರೆ ಸರಿಹೋಗುತ್ತದೆ.

ಇದೇ ಬೆಲೆಯ ಬ್ಲೂಟೂತ್ ಟ್ರಾನ್ಸ್‌ಮಿಟರ್‌ಗಳಲ್ಲಿ ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಬ್ಲೂಟೂತ್ ತಂತ್ರ ಇದ್ದರೆ ವಿಳಂಬ ಸುಮಾರು 40 ಮಿಲಿಸೆಕೆಂಡಿಗೆ ಇಳಿಯುತ್ತದೆ, ಆದರೆ ಅದು ಹೆಡ್‌ಫೋನಿನಲ್ಲೂ ಇರಬೇಕು. ಆಟಕ್ಕಂತೂ ವೈರೇ ವಾಸಿ.