ಕನ್ನಡ ಪ್ರಸಂಗಕ್ಕೆ ವರ್ಡ್ ಕ್ಲೌಡ್: ದುಡ್ಡು ಕೊಟ್ಟ ಸೈಟಾ, ಪೈಥಾನಾ, ಪೆನ್ಸಿಲಾ?

ವರ್ಡ್ ಕ್ಲೌಡ್ ಅಂದ್ರೆ ಹೆಚ್ಚು ಸಲ ಬಂದ ಪದ ದಪ್ಪಗೆ ಕಾಣೋ ಚಿತ್ರ. ಮೊದ್ಲೇ ಹೇಳ್ಬಿಡ್ತೀನಿ, ಅದನ್ನ ಮಾಡೋಕೆ ನನ್ ಓಟು ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಗೆ, ಅದೂ ಬ್ರೌಸರಲ್ಲೇ ಕೋಡ್ ಓಡಿಸೋ ಗೂಗಲ್ ಕೋಲ್ಯಾಬಲ್ಲಿ ಫ್ರೀಯಾಗಿ. ಕೋಲಾರದಲ್ಲಿ ನಮ್ಮ ಕ್ರೈಸ್ತ ಸಭೆಗೆ ಕನ್ನಡದಲ್ಲೇ ಪ್ರಸಂಗ (ಬೈಬಲ್ ಉಪದೇಶ) ಮಾಡ್ತೀನಿ, ಬರೆದಿದ್ದು ಯಾವ ಕಡೆ ವಾಲಿದೆ ಅಂತ ಭಾನುವಾರಕ್ಕೆ ಮುಂಚೆ ನೋಡ್ಕೋಬೇಕು, ಅದಕ್ಕೇ ಒಂದು ವೆಬ್‌ಸೈಟಲ್ಲಿ ತಿಂಗಳ ಪ್ಲಾನ್ ತಗೊಂಡಿದ್ದೆ. ಬಣ್ಣ, ಶಿಲುಬೆ ಆಕಾರ ಎಲ್ಲಾ ಇದೆ, ಆದ್ರೆ ಕ್ರಿಸ್ತ ಅಂತ ಹಾಕಿದ್ರೆ ಒತ್ತಕ್ಷರ ಕಿತ್ಕೊಂಡು ಪಕ್ಕಕ್ಕೆ ನಿಲ್ಲತ್ತೆ. ಸಪೋರ್ಟಿಗೆ ಬರೆದ್ರೆ ಉತ್ತರಾನೇ ಇಲ್ಲ. ದುಡ್ಡು ದಂಡ.

ಪೈಥಾನಿನ ವರ್ಡ್‌ಕ್ಲೌಡ್ ಲೈಬ್ರರಿನೂ ಹಂಗೇ ಓಡಿಸಿದ್ರೆ ಕನ್ನಡಕ್ಕೆ ಕೈ ಕೊಡತ್ತೆ. ಅದು ಪದ ಬಿಡಿಸುವಾಗ ನಮ್ಮ ಗುಣಿತದ ಚಿಹ್ನೆಗಳನ್ನ ಅಕ್ಷರ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಚಿಹ್ನೆ ಬಂದಲ್ಲೆಲ್ಲಾ ಪದ ತುಂಡು. ಹಾಗಾಗಿ ಕೃಪೆ, ಯೇಸು, ಪಾಪ, ನಂಬಿಕೆ ಯಾವುದೂ ಪದವಾಗಿ ಉಳಿಯಲ್ಲ, ದೇವರು 'ವರ' ಅಂತ ಆಗಿ ಕೂತಿರತ್ತೆ. ರೆಜೆಕ್ಸ್ (ಯಾವುದನ್ನ ಪದ ಅಂತ ಹಿಡೀಬೇಕು ಅಂತ ಹೇಳೋ ಸೂತ್ರ) ಜಾಗದಲ್ಲಿ ಕನ್ನಡದ ಯೂನಿಕೋಡ್ ಸಾಲು, 0ಸಿ80ಯಿಂದ 0ಸಿಎಫ್‌ಎಫ್‌ವರೆಗೆ, ಕೊಟ್ಮೇಲೆ ಪದ ಇಡಿಯಾಗಿ ಬಂತು. ಫಾಂಟ್ ನೋಟೋ ಸಾನ್ಸ್ ಕನ್ನಡ ಹಾಕಿ, ಒತ್ತಕ್ಷರ ಸರಿಯಾಗಿ ಕೂರೋಕೆ ರಾಕ್ಮ್ ಅನ್ನೋ ಅಕ್ಷರ ಜೋಡಿಸೋ ಲೈಬ್ರರಿ ಇರ್ಲೇಬೇಕು. ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿರೋರು ಮೊದ್ಲು ಯೂನಿಕೋಡ್ ಮಾಡ್ಕೊಳ್ಳಿ.

ಇಷ್ಟು ಕಷ್ಟ ಯಾಕೆ ಅಂದ್ರೆ, ಪ್ರಾರ್ಥಿಸಬೇಕು, ಕ್ಷಮಿಸಬೇಕು, ಕೊಡಬೇಕು, ಬಿಡಬೇಕು ಇವೆಲ್ಲಾ ಬೇರೆಬೇರೆ ಪದ ಆಗಿ ಚಿಲ್ರೆ ಕಾಸಿನ ಥರ ಚೆದುರಿ ಹೋಗತ್ತೆ, ಆ ಸೈಟಲ್ಲಿ ಕೂಡಿಸೋ ದಾರಿನೇ ಇರ್ಲಿಲ್ಲ. ಪೈಥಾನ್‌ಗಾದ್ರೆ ಎಕ್ಸೆಲಲ್ಲಿ ಗುಂಪು ಮಾಡಿ ಎಣಿಕೆನೇ ಕೊಡಬಹುದು. ಬೈಬಲ್ಲಲ್ಲಿ ಪೌಲನ ಪತ್ರ ಎಫೆಸ 2:8-10ರ ಪ್ರಸಂಗಕ್ಕೆ ಹಂಗೆ ಮಾಡಿದಾಗ 'ಬೇಕು' ಅನ್ನೋದು ಕೃಪೆಗಿಂತ ದಪ್ಪ ಬಂತು. ಪೌಲ ಆ ಅಧ್ಯಾಯದ 22 ವಚನಗಳಲ್ಲಿ ಕೊಡೋ ಅಪ್ಪಣೆ ಒಂದೇ, 11ನೇ ವಚನದ 'ನೆನಪು ಮಾಡಿಕೊಳ್ಳಿ', ಉಳಿದಿದ್ದೆಲ್ಲಾ ದೇವರು ಮಾಡಿದ್ದು, ನಾವು ಏನಾಗಿದ್ವಿ ಏನಾದ್ವಿ ಅನ್ನೋದು. ಅಧ್ಯಾಯದ ಕ್ಲೌಡು, ಪ್ರಸಂಗದ ಕ್ಲೌಡು ಪಕ್ಕಪಕ್ಕ ಇಟ್ಟು ನೋಡಿ, ವಾರವೆಲ್ಲಾ ದುಡಿದು ಸೋತು ಬಂದು ಕೂತಿರೋ ಜನಕ್ಕೆ ಆ ಸುವಾರ್ತೆ ಮೊದ್ಲು ಕಿವಿಗೆ ಬೀಳ್ಬೇಕು ಅನ್ನೋದು ನನಗೆ ತುಂಬಾ ಮುಖ್ಯ.

ಪ್ರಿಂಟ್ ತೆಗೆದು ಎರಡು ಬಣ್ಣದ ಪೆನ್ಸಿಲಲ್ಲಿ ಗೀಟು ಹಾಕೋದು ನಿಧಾನ, ಆದ್ರೆ ರಕ್ಷಣೆ ಕ್ರಿಯೆಗಳಿಂದ ಅಲ್ಲ ಅಂತ 9ನೇ ವಚನ ಹೇಳೋ ಕಡೆ ಆ 'ಅಲ್ಲ' ಕಾಣೋದು ಪೆನ್ಸಿಲ್ ಹಿಡಿದೋರಿಗೆ ಮಾತ್ರ, ಕ್ಲೌಡು ಕ್ರಿಯೆನ ಎಣಿಸಿ ಮುಂದಕ್ಕೆ ಹೋಗತ್ತೆ.

ನನಗೆ ಲ್ಯಾಪ್‌ಟಾಪ್ ಅಭ್ಯಾಸ ಇದೆ, ತಿಂಗಳ ಪ್ಲಾನಿಗೆ ದುಡ್ಡಿಲ್ಲ, ಹಾಗಾಗಿ ಶುಕ್ರವಾರ ಪೈಥಾನ್, ಶನಿವಾರ ಪೆನ್ಸಿಲ್. ಫೋನಲ್ಲೇ ಪ್ರಸಂಗ ಬರೆಯೋರಿಗೆ ಪೆನ್ಸಿಲೊಂದೇ ಸಾಕು.