ಹೊಟ್ಟೆ ಬಿಗಿಯುವ ಬೆಲ್ಟ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಬಾಣಂತನ ಮುಗಿಸಿ, ಹೊಟ್ಟೆ ಇಳಿಸಬೇಕು ಅಂತ ಶೇಪ್‌ವೇರ್, ಅಂದರೆ ಮೈ ಬಿಗಿಹಿಡಿಯುವ ಒಳಉಡುಪು, ಹುಡುಕುತ್ತಿರುವ ಅಕ್ಕತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಸೈಜ್ ಚಿಕ್ಕದನ್ನು ಕೈಗಿಟ್ಟು "ಬಿಗಿ ಇದ್ದಷ್ಟೂ ಬೇಗ ಕರಗುತ್ತೆ" ಎನ್ನುವವರ ಮಾತು ನಂಬಬೇಡಿ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ನನಗೆ ಹಾಗೆ ಹೇಳಿಯೇ ಮಾರಿದರು. ನನ್ನ ಬಲತೊಡೆಯ ಹೊರಭಾಗಕ್ಕೆ ಈಗಲೂ ಒಮ್ಮೊಮ್ಮೆ ಜೋಮು ಹಿಡಿಯುತ್ತದೆ.

ಮಗಳಿಗೆ ಆಗ ಆರೇಳು ತಿಂಗಳು. ಎಲ್ಲಿ ಹೋದರೂ ಒಂದೇ ಮಾತು. "ಏನೇ, ಹೊಟ್ಟೆ ಇನ್ನೂ ಇಳಿದಿಲ್ವಲ್ಲೇ?" "ಆಗ್ಲೇ ಎರಡನೇದಾ?" ಅಂತಲೂ ಒಬ್ಬರು ಕೇಳಿದರು. ಶ್ರಾವಣದಲ್ಲಿ ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಅಂಗಡಿಯವರು ಕೊಟ್ಟದ್ದು ಸಾಲು ಸಾಲು ಹುಕ್ಕಿನ, ಒಳಗೆ ಪ್ಲಾಸ್ಟಿಕ್ ಕಡ್ಡಿ ಕೂರಿಸಿದ ಬೆಲ್ಟ್. "ದಿನಾ ಎಂಟು ಗಂಟೆ ಹಾಕ್ಕೊಳ್ಳಿ ಮೇಡಂ, ಒಳಗಿನ ಮಸಲ್ ಗಟ್ಟಿಯಾಗುತ್ತೆ" ಅಂದರು.

ಮದುವೆಗೆ ಹೊರಟಾಗ ಗಾಜನೂರು ದಾಟಿ ಮಂಡಗದ್ದೆ ಬರುವಷ್ಟರಲ್ಲೇ ಎದೆಯುರಿ ಶುರುವಾಯಿತು. ಊಟಕ್ಕೆ ಕೂತರೆ ಹುಳಿತೇಗು, ನಾಲ್ಕು ತುತ್ತು ಇಳಿಯಲಿಲ್ಲ. ಕೆಮ್ಮಿದರೆ ಮೂತ್ರ ಜಿನುಗುತ್ತಿತ್ತು. ಆ ಭಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅಂಗಡಿಗೆ ಫೋನ್ ಮಾಡಿದರೆ "ಮೊದಮೊದಲು ಹಾಗೇ ಆಗೋದು, ಬಿಡಬೇಡಿ" ಎಂಬ ಉತ್ತರ ಬಂತು. ಮೇಲೆ ನಮ್ಮ ಮಳೆಗಾಲ. ಬಚ್ಚಲೊಲೆ ಹತ್ತಿರ ಹರವಿದರೂ ಬಟ್ಟೆಯ ತೇವ ಆರುವುದಿಲ್ಲ. ಆ ನೈಲಾನ್ ಒಳಗೆ ಬೆವರು ನಿಂತು ಸೊಂಟದ ಸುತ್ತ ಹುಳುಕಡ್ಡಿ ಎದ್ದಿತು. ಆಮೇಲೆ ತೊಡೆಯ ಉರಿ. ಸೀರೆ ತಾಗಿದರೂ ಉರಿ, ಚಿವುಟಿದರೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ತೊಡೆಯ ಹೊರಭಾಗಕ್ಕೆ ಸ್ಪರ್ಶ ತಿಳಿಸುವ ನರ ಸೊಂಟದ ಮೂಳೆಯ ಪಕ್ಕದಲ್ಲೇ ಇಳಿದು ಹೋಗುತ್ತದೆ, ಬೆಲ್ಟ್ ಅದನ್ನೇ ಅದುಮಿದೆ ಎಂದು ಡಾಕ್ಟರ್ ವಿವರಿಸಿದರು. ಇದಕ್ಕೆ ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ ಅಂತ ಹೆಸರು. ಬಿಗಿ ತೆಗೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ. ಬಸಿರಿನಲ್ಲಿ ಹೊಟ್ಟೆಯ ಮುಂಭಾಗದ ಎರಡು ಉದ್ದ ಸ್ನಾಯುಗಳು ಮಧ್ಯದಲ್ಲಿ ಅಗಲಿಕೊಳ್ಳುತ್ತವೆ. ತುಂಬಾ ಜನಕ್ಕೆ ಹೆರಿಗೆಯಾದ ಎಂಟು ವಾರದೊಳಗೆ ತಾನಾಗೇ ಕೂಡಿಕೊಳ್ಳುತ್ತವೆ, ಕೆಲವರಿಗೆ ಇಲ್ಲ. ಅದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ನನಗಿದ್ದದ್ದು ಅದೇ. ಜನ ಕೊಬ್ಬು ಅಂದದ್ದು ಬರೀ ಕೊಬ್ಬಾಗಿರಲಿಲ್ಲ. ಅಕ್ಕಿಮೂಟೆಯ ನಡುವಿಗೆ ಹಗ್ಗ ಬಿಗಿದರೆ ಅಕ್ಕಿ ಕಡಿಮೆಯಾಗುತ್ತಾ? ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಅಷ್ಟೇ. ಹೊಟ್ಟೆ ಬಿಗಿದಾಗ ಒತ್ತಡ ಮೇಲೆ ಜಠರಕ್ಕೆ, ಕೆಳಗೆ ಮೂತ್ರ ಹಿಡಿದಿಡುವ ಸ್ನಾಯುಗಳಿಗೆ ಬೀಳುತ್ತದೆ. ಹೆರಿಗೆಯಲ್ಲಿ ಆಗಲೇ ಸೋತ ಸ್ನಾಯುಗಳವು. ಬೆಲ್ಟ್ ಯಾವ ಸ್ನಾಯುವನ್ನೂ ಗಟ್ಟಿ ಮಾಡುವುದಿಲ್ಲ, ಕೊಬ್ಬನ್ನೂ ಕರಗಿಸುವುದಿಲ್ಲ. ಹೋಗುವುದು ಬೆವರಿನ ನೀರು ಮಾತ್ರ.

ಅಜ್ಜಿಯರು ಬಾಣಂತಿಗೆ ಹಳೇ ಹತ್ತಿಸೀರೆ ಸುತ್ತುತ್ತಿದ್ದರಲ್ಲ ಅಂತ ಕೇಳುತ್ತೀರಿ. ಅದು ಮೆತ್ತಗಿನ ಆಸರೆ, ಸ್ವಲ್ಪ ದಿನಕ್ಕೆ. ಸಿಸೇರಿಯನ್ ಆದವರಿಗೆ ಹೊಲಿಗೆ ನೋವಿಗೆ ಡಾಕ್ಟರ್ ಹೇಳುವ ಬೆಲ್ಟೂ ಬೇರೆಯೇ. ಇವನ್ನೆಲ್ಲ ಆ ಕಡ್ಡಿಬೆಲ್ಟಿನ ಜೊತೆ ಸೇರಿಸಬೇಡಿ.

ನನಗೆ ಕಲಿಸಿದ್ದು ತುಂಬಾ ಸರಳ. ಅಂಗಾತ ಮಲಗಿ ಮಂಡಿ ಮಡಿಸಿ. ಉಸಿರು ಎಳೆದಾಗ ಹೊಟ್ಟೆ ಏಳಲಿ. ನಿಧಾನಕ್ಕೆ ಉಸಿರು ಬಿಡುತ್ತಾ ಮೂತ್ರ ತಡೆಯುವಾಗಿನಂತೆ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು, ಹೊಕ್ಕುಳ ಕೆಳಭಾಗವನ್ನು ಮೆಲ್ಲಗೆ ಒಳಗೆ ತನ್ನಿ. ಸೊಂಟವನ್ನು ಸುತ್ತಿಕೊಂಡಿರುವ ಒಳಗಿನ ಸ್ನಾಯು ಎಚ್ಚರವಾಗುವುದು ಹೀಗೆ. ಕೊಡ ಎತ್ತುವಾಗ, ಮಗು ಎತ್ತುವಾಗಲೂ ಉಸಿರು ಬಿಡುತ್ತಾ ಎತ್ತಿ. ಅಂಗಾತ ಮಲಗಿ ಎದ್ದು ಕೂರುವ ಸಿಟ್-ಅಪ್ ಆರಂಭದಲ್ಲೇ ಬೇಡ, ನಡುಹೊಟ್ಟೆ ಉಬ್ಬಿ ಬರುತ್ತದೆ. ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ. ನನ್ನ ಹೊಟ್ಟೆ ಇವತ್ತಿಗೂ ಚಪ್ಪಟೆಯಾಗಿಲ್ಲ. ಆದರೆ ಕೆಮ್ಮಿದರೆ ಹೆದರಿಕೆಯಿಲ್ಲ, ಬೆನ್ನು ನೋಯುವುದಿಲ್ಲ. ನಮ್ಮ ಕಡೆ ಗದ್ದೆ ನೆಟ್ಟು, ಸೌದೆ ಹೊತ್ತು ಗಟ್ಟಿಯಾಗಿರುವ ಎಷ್ಟೋ ಅಮ್ಮಂದಿರ ಹೊಟ್ಟೆಯೂ ಚಪ್ಪಟೆಯಿಲ್ಲ, ಅಲ್ವಾ?

ಮದುವೆಮನೆಯಲ್ಲಿ ಬಾಣಂತಿಯ ಹೊಟ್ಟೆ ಬಗ್ಗೆ ಕೇಳುವವರಿಗೂ ಒಂದು ಮಾತು. ದಯವಿಟ್ಟು ನಿಲ್ಲಿಸಿ. ನಿಮ್ಮ ಆ ಒಂದು ಪ್ರಶ್ನೆಯೇ ನಮ್ಮನ್ನು ಇಂಥ ಅಂಗಡಿಗೆ ಅಟ್ಟುತ್ತದೆ.

ಒಂದು ದಿನದ ಸಮಾರಂಭಕ್ಕೆ ಹಾಕಲೇಬೇಕು ಅನಿಸಿದರೆ ನಿಮ್ಮ ಸರಿಯಾದ ಸೈಜನ್ನೇ ತಗೊಳ್ಳಿ, ಊಟಕ್ಕೆ ಮುಂಚೆ ತೆಗೆಯಿರಿ. ಜೋಮು, ಉರಿ, ಉಸಿರು ಕಟ್ಟಿದಂತಾದರೆ ಆಗಲೇ ಬಿಚ್ಚಿ. ಮಂಡಿ ಮಡಿಸಿ ಮಲಗಿ ತಲೆ ಸ್ವಲ್ಪ ಎತ್ತಿದಾಗ ಹೊಕ್ಕುಳ ಹತ್ತಿರ ಎರಡು ಬೆರಳಿಗಿಂತ ಜಾಸ್ತಿ ಸಂದು ಸಿಕ್ಕರೆ, ಅಥವಾ ಕೆಮ್ಮಿದಾಗ ಮೂತ್ರ ಜಿನುಗುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ನಾಚಿಕೆ ಬೇಡ, ಹೆರಿಗೆ ನೋಡುವವರಿಗೆ ಇದು ಹೊಸ ತೊಂದರೆಯಲ್ಲ.