ತಪಾಸಣೆಗೆ ಇಳಿಸಿದ ಇಂಧನ: ಲೋಟ, ಜಾಡಿ ಮತ್ತು ಡಬ್ಬಿ

ಹಾರಾಟಕ್ಕೆ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಇಳಿಸಿ, ಅದರಲ್ಲಿ ನೀರು ಅಥವಾ ಕಸವಿದೆಯೇ ಎಂದು ನೋಡದೆ ಯಾವ ಪೈಲಟ್ ಕೂಡ ಹೊರಡಬಾರದು. ನೋಡಿಯಾದ ಮೇಲೆ ಆ ಇಂಧನವನ್ನು ಏನು ಮಾಡಬೇಕು? ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಯ ಸೆಸ್ನಾ 172ಎಸ್ ಹಾರಿಸುವ ನಾನು ಮೂರು ಕ್ರಮಗಳನ್ನು ಅನುಸರಿಸಿ ನೋಡಿದ್ದೇನೆ.

ಈ ವಿಮಾನದಲ್ಲಿ ಒಂದೊಂದು ರೆಕ್ಕೆಯಡಿ 5, ಹೊಟ್ಟೆಯ ಭಾಗದಲ್ಲಿ 3, ಹೀಗೆ 13 ಕಡೆ ಇಂಧನ ಇಳಿಸಬೇಕು. ಒಂದೊಂದರಿಂದ 30 ಮಿ.ಲೀ. ತೆಗೆದರೂ ಸುಮಾರು 400 ಮಿ.ಲೀ. ಆಗುತ್ತದೆ. ಇಂಥ ವಿಮಾನಗಳು ಬಳಸುವ, ಸೀಸ ಬೆರೆಸಿದ ಪೆಟ್ರೋಲಾದ 100 ಎಲ್‌ಎಲ್ ಇಂಧನದ ಒಂದು ಲೀಟರಿನಲ್ಲಿ 0.56 ಗ್ರಾಂವರೆಗೆ ಸೀಸ ಇರಬಹುದು.

ಸಾಮಾನ್ಯ ಪಾರದರ್ಶಕ ಲೋಟ ಅಗ್ಗದ್ದು, ನೋಡುವುದಕ್ಕೆ ಎಲ್ಲಕ್ಕಿಂತ ಉತ್ತಮ. ತಿಳಿನೀಲಿ ಇಂಧನದ ತಳದಲ್ಲಿ ಗುಂಡಾಗಿ ಉರುಳುವ ನೀರಿನ ಹನಿ ತಕ್ಷಣ ಕಾಣುತ್ತದೆ. ಆದರೆ ಕಲಿಯುವಾಗ ನನಗೆ ರೂಢಿಯಾದದ್ದು ನೋಡಿದ್ದನ್ನು ನೆಲಕ್ಕೆ ಎರಚುವುದು. ಆವಿಯಾಗುತ್ತದೆ ಎಂಬ ಸಮಾಧಾನ ಪೆಟ್ರೋಲಿಗೆ ಸಲ್ಲಬಹುದು, ಮೂಲಧಾತುವಾದ ಸೀಸ ಕೊಳೆತು ಇಲ್ಲವಾಗುವುದಿಲ್ಲ. ದಿನವೂ ಎರಚುತ್ತಿದ್ದ ಜಾಗದಲ್ಲಿ ಟಾರು ಮೆತ್ತಗಾಗಿ ಜಲ್ಲಿ ಎದ್ದು ಬಂದದ್ದನ್ನು ಕಂಡ ದಿನವೇ ಆ ಅಭ್ಯಾಸ ಬಿಟ್ಟೆ.

ಇಂಧನ ತಪಾಸಣೆಗೆಂದೇ ಮಾಡಿದ ಗ್ಯಾಟ್ಸ್ ಜಾಡಿಯ ಬಾಯಿಯಲ್ಲಿರುವ ಸೂಕ್ಷ್ಮ ಜಾಲರಿ ಪೆಟ್ರೋಲನ್ನು ಬಿಟ್ಟು ನೀರನ್ನು ತಡೆಯುತ್ತದೆ. ಆದ್ದರಿಂದ ಇಳಿಸಿದ್ದನ್ನು ಅದೇ ವಿಮಾನದ ಟ್ಯಾಂಕಿಗೆ ಮರಳಿ ಸುರಿಯಬಹುದು. ಮಳೆಯ ಮರುದಿನ ಒಂದು ಚಮಚದಷ್ಟು ನೀರು ಜಾಲರಿಯ ಒಳಬದಿಯಲ್ಲೇ ಮಣಿಗಳಾಗಿ ನಿಂತದ್ದನ್ನು ಕಂಡು ನನಗೆ ಅದರ ಮೇಲೆ ವಿಶ್ವಾಸ ಬಂತು. ಪ್ರತಿಬಾರಿ ಏಣಿ ಹತ್ತಬೇಕಾದದ್ದು ಶ್ರಮದ ಕೆಲಸ, ವಿಮಾನದ ಮಾಲೀಕರ ಒಪ್ಪಿಗೆಯೂ ಬೇಕು. ಇವೆರಡಕ್ಕಿಂತ ಗಂಭೀರವಾದ ಮಿತಿಯೆಂದರೆ, ಈ ಎಂಜಿನ್ನಿಗೆ ಒಗ್ಗದ, ಸೀಮೆಎಣ್ಣೆಯ ಜಾತಿಯ ಜೆಟ್ ಇಂಧನ ಬೆರೆತಿದ್ದರೆ ಈ ಜಾಲರಿ ಅದನ್ನು ತಡೆಯಲಾರದು. ಬಣ್ಣ, ವಾಸನೆ ನೋಡಿ, ಬಿಳಿ ಕಾಗದದ ಮೇಲೆ ಎರಡು ಹನಿ ಬಿಟ್ಟು ಒಣಗಲು ಬಿಡುತ್ತೇನೆ. ಎಣ್ಣೆಯ ಕಲೆ ಉಳಿದರೆ ಹಾರಾಟವನ್ನೇ ರದ್ದುಮಾಡಬೇಕು.

ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಕೂಡಿಟ್ಟು ವಿಮಾನ ನಿಲ್ದಾಣದ ತ್ಯಾಜ್ಯ ಇಂಧನದ ಪೀಪಾಯಿಗೆ ಸುರಿಯುವುದು ಮೂರನೆಯ ಕ್ರಮ. ಎಂಜಿನ್ ಆಯಿಲ್ ಬೆರೆಸಬಾರದು ಎಂಬ ಎಚ್ಚರವೊಂದಿದ್ದರೆ ಸಾಕು. ಪೀಪಾಯಿಯೇ ಇಲ್ಲದ ಒಂದು ನಿಲ್ದಾಣದಲ್ಲಿ ಮಾತ್ರ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಅಪಾಯಕಾರಿ ತ್ಯಾಜ್ಯ ಕೇಂದ್ರವನ್ನು ಹುಡುಕಿಕೊಂಡು ಹೋಗಬೇಕಾಯಿತು.

ಸ್ಯಾಂಟಾ ಕ್ಲಾರಾ ಕೌಂಟಿಯ ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ 2022ರ ಜನವರಿಯಿಂದ ಸೀಸಯುಕ್ತ ಇಂಧನದ ಮಾರಾಟ ನಿಂತಿದೆ. ಸೀಸ ಹೋದರೂ ಪೆಟ್ರೋಲ್ ಪೆಟ್ರೋಲೇ ಆದ್ದರಿಂದ, ಅಲ್ಲಿಯೂ ನನ್ನ ಕ್ರಮ ಬದಲಾಗದು: ಶುದ್ಧವೆಂದು ಖಚಿತವಾದದ್ದು ಜಾಡಿಯಿಂದ ಟ್ಯಾಂಕಿಗೆ, ನೀರು ಅಥವಾ ಕಸ ಕಂಡದ್ದು ಮತ್ತು ಅನುಮಾನ ಹುಟ್ಟಿಸಿದ್ದೆಲ್ಲ ಡಬ್ಬಿಗೆ.